ಉಪವಾಸವಿದ್ದವಳೂ ವಾಂತಿ ಮಾಡಿದವಳೂ

ನಾನು ಪುಣೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಎಷ್ಟೇ ಎಚ್ಚರ ವಹಿಸಿದರೂ ನನ್ನ ಪಾಲಿಗೆ ವಾಂತಿ ತಪ್ಪಿದ್ದಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ನೋವು ತಿಳಿಯುವುದಿಲ್ಲ, ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಆದರೆ ಬಿಪಿ ಸರ್ರನೆ ಇಳಿದು ಹೊಟ್ಟೆ ತೊಳಸುತ್ತದೆ. ಸರಿಯಾಗಿ ಕೂಸನ್ನು ಎತ್ತಿ ತೋರಿಸುವ ಹೊತ್ತಿಗೆ ತಾಯಿಯ ಮುಖ ಟ್ರೇಯಲ್ಲಿರುತ್ತದೆ. ಇದನ್ನು ತಪ್ಪಿಸಲು ಔಷಧವಿದೆ, ಉಪಾಯವಿದೆ. ಎದುರಿಗಿರುವ ಮನುಷ್ಯರಿಗೆ ಮಾತ್ರ ಯಾವ ಉಪಾಯವೂ ಇಲ್ಲ.

ಈಚೆಗೆ ನನ್ನ ಕಡೆಯ ತಂಗಿಯ ಎರಡನೇ ಹೆರಿಗೆಯೂ ಸಿಸೇರಿಯನ್, ಅದು ನಮ್ಮಲ್ಲೇ ಎಂದು ನಿಶ್ಚಯವಾಯಿತು. ಮೊದಲ ಸಲ ಬೇರೆ ಊರಲ್ಲಿ ಅವಳು ವಾಂತಿ ಮಾಡಿ ಸುಸ್ತಾಗಿ, ಮಗನ ಮುಖವನ್ನು ನೆಂಟರೆಲ್ಲ ನೋಡಿ ಮುಗಿಸಿದ ಮೇಲೆ ನೋಡಿದ್ದಳು.

"ಅಕ್ಕಾ, ಈ ಸರ್ತಿ ಕೂಸಿನ ಮಾರಿ ಮೊದಲ ನಾ ನೋಡಬೇಕು. ನಿನ್ನ ಬ್ಯಾರೆ ಏನೂ ಕೇಳಂಗಿಲ್ಲ," ಅಂದಳು.

ಹೂಂ ಅಂದೆ. ಅಂದ ಮೇಲೆ ಹೆದರಿಕೆ ಶುರುವಾಯಿತು. ಯಾಕೆಂದರೆ ನನ್ನ ಅನುಭವ ಹೀಗಿದೆ.

ಬಸ್ಸಿನ ಪ್ರಶ್ನೆ

ಬಸ್ಸಿನಲ್ಲಿ ವಾಂತಿಯಾಗುವವರಿಗೆ ಆಪರೇಷನ್ ಟೇಬಲ್ಲಿನ ಮೇಲೂ ಆಗುವ ಸಂಭವ ಜಾಸ್ತಿ. ಹಾಗಾಗಿ ಎಲ್ಲರನ್ನೂ ಮೊದಲೇ ಕೇಳುತ್ತೇನೆ. ಘಾಟಿನ ಆಚೆಯ ಭೋರ್ ಊರಿನ ಒಬ್ಬಾಕೆಯನ್ನೂ ಕೇಳಿದೆ. "ಬಸ್ಸಿನಲ್ಲಿ ಯಾವತ್ತೂ ಆಗಿಲ್ಲ," ಅಂದಳು. ಪಕ್ಕದಲ್ಲಿ ನಿಂತಿದ್ದ ಗಂಡ, "ಕಾತ್ರಜ ಘಾಟಿನ ತಿರುವಿನಲ್ಲೂ ಆಗಿಲ್ಲ ಮೇಡಂ," ಎಂದು ಎದೆಯುಬ್ಬಿಸಿದ. ನಾನು ನಂಬಿದೆ.

ಟೇಬಲ್ಲಿನ ಮೇಲೆ ಆಕೆಯ ವಾಂತಿ ನನ್ನ ಚಪ್ಪಲಿಯನ್ನೂ ಬಿಡಲಿಲ್ಲ. ಮರುದಿನ ತಡೆಯಲಾರದೆ ಕೇಳಿದೆ: "ಬಸ್ಸಿನಲ್ಲಿ ಆಗುವುದೇ ಇಲ್ಲ ಅಂದಿರಲ್ಲ?"

"ಹೌದು ಮೇಡಂ, ನಾವು ಎಲ್ಲಿಗೆ ಹೋದರೂ ಬೈಕಿನಲ್ಲೇ. ಬಸ್ಸು ಹತ್ತಿದರೆ ವಾಂತಿಯಾಗುತ್ತದಲ್ಲ, ಅದಕ್ಕೇ ಹತ್ತುವುದೇ ಇಲ್ಲ."

ಉಲಟಿ

ಮರಾಠಿಯಲ್ಲಿ ವಾಂತಿಗೆ ಉಲಟಿ ಅನ್ನುತ್ತಾರೆ. ತಿರುಗುಮುರುಗಾದದ್ದಕ್ಕೆ ಉಲಟಾ. ನಾನು ಧಾರವಾಡದವಳು, ಮರಾಠಿಯನ್ನು ಆದಷ್ಟು ಕಡಿಮೆ ಮಾತಿನಲ್ಲಿ ಮುಗಿಸುವವಳು.

ಒಬ್ಬಾಕೆಗೆ ಇಂಜೆಕ್ಷನ್ ಕೊಟ್ಟಾಯಿತು. ಮುಖ ಬಿಳಿಚಿಕೊಂಡಿತು. ಮಾಸ್ಕಿನೊಳಗಿಂದಲೇ "ಉಲಟಿ?" ಎಂದು ಕೇಳಿದೆ. "ಇಲ್ಲ ಮೇಡಂ," ಎಂದು ಆಕೆ ಶುರು ಮಾಡಿದಳು. "ಮೊದಲು ಕೂಸು ಉಲಟಾ ಇತ್ತು, ತಲೆ ಮೇಲೆ. ಸೋನೋಗ್ರಫಿಯವರು ಹೇಳಿದ್ದರು, ತಿರುಗುತ್ತದೆ ಅಂತ. ಆಮೇಲೆ ತಾನೇ ತಿರುಗಿತು. ಈಗ ತಲೆ ಕೆಳಗೆ ಇದೆ, ಏನೂ ತೊಂದರೆ..."

ಮಾತು ಮುಗಿಯುವ ಮೊದಲೇ ಟ್ರೇ ಹಿಡಿಯಬೇಕಾಯಿತು. ಹಸಿರು ಪರದೆಯ ಆಚೆಯಿಂದ ಹೆರಿಗೆ ಡಾಕ್ಟರು ಕೇಳಿದರು: "ಕೂಸು ಸರಿಯಾಗಿಯೇ ಇದೆಯಲ್ಲ ಮೇಡಂ, ನಿಮ್ಮ ಕಡೆ ಏನು ಉಲಟಾ ಆಯಿತು?"

ಕಟ್ಟುನಿಟ್ಟಿನ ಉಪವಾಸ

ಇದನ್ನು ನೆನೆಸಿಕೊಂಡರೆ ಈಗಲೂ ಕೆಲಸ ಬಿಟ್ಟುಬಿಡೋಣ ಅನಿಸುತ್ತದೆ. ಹೊಟ್ಟೆ ತುಂಬಿದ್ದರೆ ವಾಂತಿ ಬರೀ ರಗಳೆಯಲ್ಲ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಒಬ್ಬಾಕೆಯ ಅತ್ತೆಗೆ ಹಿಂದಿನ ದಿನವೇ ಒತ್ತಿ ಹೇಳಿದ್ದೆ: "ನಾಳೆ ಬೆಳಿಗ್ಗೆ ಸೊಸೆ ಉಪವಾಸ ಇರಬೇಕು."

ಬೆಳಿಗ್ಗೆ ಅತ್ತೆ ಕೈಮುಗಿದು, "ಕಟ್ಟುನಿಟ್ಟಿನ ಉಪವಾಸ ಮೇಡಂ," ಅಂದರು. ಅಷ್ಟರಲ್ಲಿ ಸೊಸೆ ತೇಗಿದಳು. ತುಪ್ಪ, ಜೀರಿಗೆ, ಹುರಿದ ಶೇಂಗಾ ಎಲ್ಲದರ ವಾಸನೆ ಒಟ್ಟಿಗೇ ಬಂತು.

"ಏನು ತಿಂದಿದ್ದಾಳೆ?"

"ಉಪವಾಸಕ್ಕೆ ನಡೆಯುವುದೇ, ಸಾಬೂದಾಣಿ ಖಿಚಡಿ. ಮೇಲೊಂದು ರಾಜಗಿರಿ ಲಾಡು. ಉಪ್ಪು ಕೂಡ ಉಪವಾಸದ್ದೇ, ಸೈಂಧವ ಹಾಕಿದ್ದೇನೆ."

ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ನಾನು ತಲೆಯ ಮೇಲೆ ಕೈಹೊತ್ತು ಕುಳಿತದ್ದನ್ನು ನೋಡಿ ಅತ್ತೆಗೆ ಕನಿಕರ ಬಂತು. "ಚಿಂತೆ ಮಾಡಬೇಡಿ ಮೇಡಂ, ಮಧ್ಯಾಹ್ನದವರೆಗೂ ಉಪವಾಸ ಮುಂದುವರಿಸುತ್ತೇವೆ," ಎನ್ನುತ್ತ ಎರಡನೇ ಡಬ್ಬಿ ತೆಗೆದರು.

ನಮ್ಮ ಅವ್ವ

ತಂಗಿಯ ದಿನ ಬಂತು. ಉಪವಾಸ ಎಂಬ ಶಬ್ದವನ್ನೇ ನಾನು ಬಾಯಿಗೆ ತರಲಿಲ್ಲ. ಧಾರವಾಡದಿಂದ ಬಂದಿದ್ದ ಅವ್ವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ: "ಆಕಿಗೆ ಸಾಬೂದಾಣಿ ಇಲ್ಲ, ಅವಲಕ್ಕಿ ಇಲ್ಲ, ಪ್ರಸಾದ ಇಲ್ಲ."

"ಬಾಳೆಹಣ್ಣು?"

"ಇಲ್ಲ."

"ಹಂಗಾರ ಡಬ್ಬಿ ತುಂಬ ಅವಲಕ್ಕಿ ಕಲಸೇನಲ್ಲ, ಅದನ್ನೇನ ಮಾಡ್ಲಿ?"

ಡಬ್ಬಿ ಇದ್ದರೆ ತಂಗಿಯ ಬಾಯಿಗೆ ಹೋಗುವುದು ಖಂಡಿತ. ಅವ್ವನ ಎದುರೇ ಕೂತು ಅಷ್ಟನ್ನೂ ನಾನೇ ತಿಂದೆ.

ಸ್ವಂತ ತಂಗಿಗೆ ಸೂಜಿ ಹಿಡಿಯುವ ಧೈರ್ಯ ನನಗಿರಲಿಲ್ಲ. ನನ್ನ ಜೊತೆಗಾರ ಅರಿವಳಿಕೆ ಡಾಕ್ಟರಿಗೆ ಒಪ್ಪಿಸಿ, ಟ್ರೇ ಹಿಡಿದು ಅವಳ ತಲೆಯ ಹತ್ತಿರ ನಿಂತೆ. ಅವರು ಎಲ್ಲವನ್ನೂ ಸರಿಯಾಗಿ ಮಾಡಿದರು. ವಾಂತಿ ತಡೆಯುವ ಇಂಜೆಕ್ಷನ್ ಮೊದಲೇ ಕೊಟ್ಟರು, ಟೇಬಲ್ಲನ್ನು ಎಡಕ್ಕೆ ವಾಲಿಸಿದರು, ಬಿಪಿ ಇಳಿಯಲು ಬಿಡಲಿಲ್ಲ. ಹೆರಿಗೆ ಡಾಕ್ಟರೂ ಅವಸರ ಮಾಡಲಿಲ್ಲ. ತಂಗಿ ಆರಾಮಾಗಿದ್ದಳು. ನಾನು ಮಾತ್ರ ಬೆವರುತ್ತಿದ್ದೆ. ಈಗ ಆಗುತ್ತದೆ, ಈಗ ಆಗುತ್ತದೆ ಎಂದು ಅವಳ ಗಂಟಲನ್ನೇ ನೋಡುತ್ತ ನಿಂತಿದ್ದೆ. ಅವಲಕ್ಕಿ ಎದೆಯವರೆಗೆ ಬಂದಿತ್ತು.

ಕೂಸು ಅತ್ತಿತು. ಪರದೆಯ ಮೇಲೆ ಎತ್ತಿ ಹಿಡಿದರು.

"ಅಯ್ಯ ನನ್ನ ಬಂಗಾರ, ಎಷ್ಟ್ ಛಂದ ಅದಾಳ," ಎಂದು ತಂಗಿ ಅತ್ತಳು. ಅವಳು ಬೇಡಿದ್ದ ಒಂದೇ ಒಂದು ಸಂಗತಿ ನಡೆದಿತ್ತು. "ಅಕ್ಕಾ, ನೀ ನೋಡಿದ್ಯೋ ಇಲ್ಲೋ?"

ನಾನು ನೋಡಲಿಲ್ಲ. ನನ್ನ ಮುಖ ಟ್ರೇಯಲ್ಲಿತ್ತು.

"ರೀ ಡಾಕ್ಟರ, ಆ ಇಂಜೆಕ್ಷನ್ ನಮ್ಮಕ್ಕಗೂ ಒಂದು ಕೊಡ್ರಿ," ಎಂದು ತಂಗಿ ಹೇಳಿದ್ದು ಕೇಳಿಸಿತು.

ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಅವ್ವ ಎದ್ದು ನಿಂತಳು.

"ವಾಂತಿ ಆತೇನ?"

"ಆತು. ಆಕಿಗಲ್ಲವ್ವಾ, ನನಗ."

ಅವ್ವನ ಮುಖ ಅರಳಿತು. ಐವತ್ತರ ಹತ್ತಿರ ಬಂದಿರುವ, ಕಾಲೇಜಿಗೆ ಹೋಗುವ ಮಗನಿರುವ ನನ್ನನ್ನು ಮೇಲಿಂದ ಕೆಳಗೆ ನೋಡಿ, ದನಿ ಇಳಿಸಿ ಕೇಳಿದಳು:

"ಎಷ್ಟ್ ತಿಂಗಳಾತವಾ?"