ಗಾಲಿಮನೆಯ ಯಜಮಾನರು

ಮೇಲಧಿಕಾರಿಗಳ ಮುಂದೆ ‘ಆಗುವುದಿಲ್ಲ’ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಹಾಗೆಂದು ಆ ಮಾತು ನನ್ನಲ್ಲಿ ಇಲ್ಲವೆಂದಲ್ಲ. ಕಚೇರಿಯಲ್ಲಿ ನುಂಗಿಕೊಂಡದ್ದನ್ನೆಲ್ಲ ಜೋಪಾನವಾಗಿ ಮನೆಗೆ ತಂದು ಹೆಂಡತಿ ಗೌರಮ್ಮನ ಮುಂದೆ ಆಡಿ ಮುಗಿಸುತ್ತೇನೆ. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ನನ್ನಷ್ಟು ಸಾಧುವಾದ ಗುಮಾಸ್ತನಿಲ್ಲ ಎಂದು ಅಮಲ್ದಾರರು ಹೇಳುತ್ತಿದ್ದರು. ಅದನ್ನು ಕೇಳಿ ಗೌರಮ್ಮ ಅರ್ಧ ಗಂಟೆ ನಕ್ಕಿದ್ದಳು. ಆ ಸಾಧುತನದಿಂದಲೇ ಗಾಲಿಮನೆ ನಮ್ಮ ಅಂಗಳಕ್ಕೆ ಬಂತು.

ಅದು ಪಾವಗಡದ ಕಡೆ ಗುಡ್ಡಗಳಲ್ಲಿ ಅದಿರು ಹುಡುಕುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯದು. ನಾಲ್ಕು ಗಾಲಿಗಳ ಮೇಲೆ ಕೂರಿಸಿದ ಮರದ ಕೋಣೆ, ತಗಡಿನ ಮಾಡು, ಒಂದು ಬಾಗಿಲು, ಎರಡು ಕಿಟಕಿ, ಒಳಗೆ ಮಲಗಲು ಒಂದು ಹಲಗೆ. ಜೋಡೆತ್ತು ಕಟ್ಟಿದರೆ ಮನೆಗೆ ಮನೆಯೇ ಹೊರಡುತ್ತಿತ್ತು. ದೊರೆ ಮಳೆಗಾಲ ಕಳೆಯಲು ಬೆಂಗಳೂರಿಗೆ ಹೋಗುವಾಗ ಅದನ್ನು ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆ ಬಂತು. ಅಮಲ್ದಾರರು ನನ್ನ ಕಡೆ ನೋಡಿ, “ನಿಮ್ಮ ಅಂಗಳ ದೊಡ್ಡದಲ್ಲವೇ?” ಎಂದರು. ದೊಡ್ಡದು ಸ್ವಾಮಿ ಎಂದೆ. ದೊಡ್ಡದಿದ್ದದ್ದು ಅಂಗಳ, ಬಾಗಿಲಲ್ಲ. ಗಾಡಿಯನ್ನು ಒಳಗೆ ತರಲು ಬೀದಿಯ ಗೋಡೆಯನ್ನು ನಾಲ್ಕು ಮೊಳ ಕೆಡವಿದೆವು. ಒಳಗೆ ತಂದ ಮೇಲೆ ಗಾಲಿಗಳು ಹಸಿ ಮಣ್ಣಿನಲ್ಲಿ ಗೇಣುದ್ದ ಹೂತುಕೊಂಡು, ಅದರ ಬಾಗಿಲು ನಮ್ಮ ತಲೆಬಾಗಿಲಿಗೆ ಸರಿಯಾಗಿ ಎದುರಾಗಿ ನಿಂತಿತು. ಎಂಟು ಜನ ಹೆಗಲು ಕೊಟ್ಟರೂ ಒಂದಂಗುಲ ತಿರುಗಲಿಲ್ಲ.

“ಬೀದೀಲಿ ಹೋಗೋ ಮಾರೀನ ಮನೆಗೆ ಕರ್ದಂಗಾಯ್ತು” ಎಂದಳು ಗೌರಮ್ಮ. “ಬಾಗ್ಲಿಗೆ ಬಾಗ್ಲು ಎದ್ರು ಇರ್ಬಾರ್ದು. ದೀಪ ಹಚ್ಚದ ಮನೆ ಬೇರೆ. ಖಾಲಿ ಮನೇನ ಯಾರೂ ಖಾಲಿ ಬಿಡಾಕಿಲ್ಲ ಕಣ್ರೀ.”

ನಾನು ಎಂದಿನಂತೆ ಗದರಿದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು, ಆ ಮನೆಯನ್ನು ಮೊದಲು ಖಾಲಿ ಬಿಡದವನು ನಾನೇ. ಉಪ್ಪು ಮುಗಿಯಿತು, ಮಾಡು ಸೋರುತ್ತಿದೆ, ನಿಮ್ಮ ಅಕ್ಕ ಹೀಗೆಂದರು ಎಂಬ ಗೌರಮ್ಮನ ವರದಿಗಳು ಶುರುವಾದ ಕೂಡಲೇ ಗಾಡಿ ನೋಡಿಕೊಂಡು ಬರುತ್ತೇನೆಂದು ಎದ್ದು ಹೋಗಿ, ಆ ಹಲಗೆಯ ಮೇಲೆ ಕಾಲು ಚಾಚುತ್ತಿದ್ದೆ. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಆ ಸುಖ ತಲೆಗೇರಿ ಗಟ್ಟಿಯಾಗಿಯೇ ಹೇಳಿಬಿಟ್ಟೆ: “ಮದುವೆಯಾಗದೆ ಇದ್ದಿದ್ದರೆ ಜೀವಮಾನವೆಲ್ಲ ಇಲ್ಲೇ ಹೀಗೇ ಇರಬಹುದಿತ್ತು.” ಹೇಳಿ ನಕ್ಕೆ. ನಾನು ನಿಲ್ಲಿಸಿದ ಮೇಲೂ ಆ ನಗು ಒಂದು ಕ್ಷಣ ಮುಂದುವರಿಯಿತು. ತಗಡಿನ ಮಾಡಲ್ಲವೇ, ಸದ್ದು ಗುಂಯ್‌ಗುಡುತ್ತದೆ ಎಂದುಕೊಂಡೆ. ಎಂದುಕೊಂಡೇ ಸ್ವಲ್ಪ ಬೇಗ ಮನೆಗೆ ಹೋದೆ.

ಮಾರನೆಯ ದಿನ ಗಾಡಿಯ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅಗಳಿ ಹಾಕಿತ್ತು. ಮಳೆಗೆ ಮರ ಉಬ್ಬಿದೆ ಎಂದು ಗೌರಮ್ಮನಿಗೆ ಹೇಳಿದೆ. ಆ ವಾರ ತೋವಿನಕೆರೆಯಿಂದ ಬೆಣ್ಣೆ ತರುವ ತಿಮ್ಮಕ್ಕ ಬಂದವಳು, “ಆ ಗಾಡ್ಯಾಗಿರೋ ಅಯ್ಯ ನಿಮ್ಮ ಯಜಮಾನ್ರಂಗೇ ಅವ್ರೆ. ಆದ್ರೆ ರೇಗಾಕಿಲ್ಲ. ಕಿಟಕೀಲಿ ಸುಮ್ನೆ ಕುಂತಿರ್ತಾರೆ” ಎಂದಳು. ಅವಳು ಬರುವುದು ನಾನು ಕಚೇರಿಯಲ್ಲಿರುವ ಹೊತ್ತಿನಲ್ಲಿ. ಅಂದು ನನಗೆ ಜ್ವರ ಬಂದು ರಜೆ ಹಾಕಿದ್ದರಿಂದ ಈ ಮಾತು ನನ್ನ ಕಿವಿಗೂ ಬಿತ್ತು. ಜ್ವರ ಇನ್ನೂ ಎರಡು ದಿನ ಇತ್ತು.

ಆ ಸಮಯಕ್ಕೇ ಖಾನೇಷುಮಾರಿ ಬಂತು, ಅಂದರೆ ಸರ್ಕಾರದವರು ಮನೆಮನೆಗೆ ನಂಬರು ಹಾಕಿ ತಲೆ ಎಣಿಸುವ ಕಾಲ. ನಮ್ಮ ಬೀದಿಗೆ ನೇಮಕವಾದವರು ನಾಗಲಮಡಿಕೆಯಿಂದ ಹೊಸದಾಗಿ ವರ್ಗವಾಗಿ ಬಂದ ಒಬ್ಬ ಶಾಲೆಯ ಮೇಷ್ಟ್ರು. ಸಂಜೆ ಮನೆಗೆ ಬರುತ್ತೇನೆ, ನಮ್ಮ ಬಾಗಿಲ ಮೇಲೆ ಒಂದು ನಂಬರು, ಗಾಡಿಯ ಬಾಗಿಲ ಮೇಲೆ ಅದರ ಮುಂದಿನ ನಂಬರು! ಮೇಷ್ಟ್ರು ಇನ್ನೂ ಪಕ್ಕದ ಮನೆಯಲ್ಲೇ ಇದ್ದರು. ಕರೆದು ತಂದು ಅಂಗಳದಲ್ಲಿ ನಿಲ್ಲಿಸಿ, ಗಾಡಿಗೆ ನಂಬರು ಹಾಕಿದ್ದೀರಲ್ಲ, ಒಳಗೆ ಯಾರಿದ್ದಾರೆಂದು ಬರೆದಿರಿ ಎಂದು ಕೇಳಿದೆ.

“ಯಜಮಾನ್ರನ್ನ ಕೇಳೇ ಬರೆದೆ ಸ್ವಾಮಿ.”

“ನಾನು ಕಚೇರಿಯಲ್ಲಿದ್ದೆ!”

“ತಾವಲ್ಲ. ಆ ಮನೆ ಯಜಮಾನ್ರು.” ಮೇಷ್ಟ್ರು ಪುಸ್ತಕ ಬಿಡಿಸಿ ಓದಿದರು. ನನ್ನ ಹೆಸರು, ನನ್ನ ತಂದೆಯ ಹೆಸರು, ನನ್ನ ವಯಸ್ಸು, ನನ್ನ ಉದ್ಯೋಗ. “ಹೌದು ಸ್ವಾಮಿ, ನಂಗೂ ಅನುಮಾನ ಬಂತು. ಅವಳಿ-ಜವಳಿ ಇರ್ಬೇಕು, ಇಬ್ರಿಗೂ ತಾತನ ಹೆಸ್ರು ಇಟ್ಟವ್ರೆ ಅಂದ್ಕೊಂಡೆ. ಮದುವೆ... ಆಗಿಲ್ಲ ಅಂತ ಬರೆಸವ್ರೆ.”

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಗೌರಮ್ಮ ಹೊರಗೆ ಬಂದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ನನಗೆ ಧೈರ್ಯವಿರುತ್ತಿತ್ತು. ಅದು ಇರಲಿಲ್ಲ.

“ನೀವೇ ಆಗ್ಲಿ, ನಿಮ್ಮ ರೂಪದ ಇನ್ನೊಂದೇ ಆಗ್ಲಿ, ಮಾತು ನಿಮ್ದೇ” ಎಂದಳು. “ಅವತ್ತು ಭಾನುವಾರ ನೀವಂದಿದ್ದು ನಂಗೂ ಕೇಳಿಸ್ತು. ನಕ್ಕಿದ್ದೂ ಕೇಳಿಸ್ತು. ಈಗ ಮೇಷ್ಟ್ರನ್ನ ಕೇಳಿ, ಮದ್ವೆ ಆಗಿಲ್ಲ ಅನ್ನೋವಾಗ ಆ ಮುಖ ಹೆಂಗಿತ್ತು ಅಂತ. ನಗ್ತಾ ಅಂದಿದ್ರೆ ಬೆಳಿಗ್ಗೆ ಕಳ್ಳಂಬೆಳ್ಳಕ್ಕೆ ಹೊರಟೆ. ನಮ್ಮಪ್ಪನ ಮನೇಲಿ ನಂಗಿನ್ನೂ ಒಂದು ಮೂಲೆ ಐತೆ.”

ಇಪ್ಪತ್ತು ವರ್ಷದಲ್ಲಿ ಅವಳು ತವರಿಗೆ ಹೋಗುವ ಮಾತನ್ನು ಹೀಗೆ ಮೆಲ್ಲಗೆ ಆಡಿರಲಿಲ್ಲ. ಗಾಡಿಯೊಳಗಿರುವವನು ಭೂತವೋ ಪಿಶಾಚಿಯೋ ಎಂಬ ಭಯ ಆಗ ಎಲ್ಲಿ ಹೋಯಿತೋ. ಅವನು ನನ್ನಂಥವನೇ ಆಗಿದ್ದರೆ ನಕ್ಕೇ ಇರುತ್ತಾನೆ ಎಂಬುದೇ ನನ್ನ ಭಯ. ಕೊನೆಗೆ ಮೇಷ್ಟ್ರನ್ನು ಕೇಳಿದವಳು ಅವಳೇ.

ಮೇಷ್ಟ್ರು ಲೇಖನಿಯನ್ನು ಕಿವಿಗೆ ಸಿಕ್ಕಿಸಿ ಯೋಚಿಸಿದರು. “ನಗ್ಲಿಲ್ಲ ತಾಯಿ. ನಾನು ಕೇಳಿದ್ದಕ್ಕೆ ನಿಮ್ಮನೆ ಬಾಗ್ಲ ಕಡೆ ನೋಡಿದ್ರು. ತಾವು ಒಳಗೆ ಬಸ್ಸಾರಿಗೆ ಒಗ್ಗರಣೆ ಹಾಕ್ತಿದ್ರಿ, ಘಮ ಬರ್ತಿತ್ತು. ಬಾಳ ಹೊತ್ತು ಅಲ್ಲೇ ನೋಡ್ತಾ ಇದ್ರು. ಆಮೇಲೆ, ‘ಇಲ್ಲ ಮೇಷ್ಟ್ರೇ, ನನಗೆ ಆ ಪುಣ್ಯ ಬರಲಿಲ್ಲ. ಎದುರುಮನೆಯವರಿಗೆ ಬಂತು’ ಅಂದ್ರು.”

ಗಾಡಿಯ ಕಿಟಕಿ ತೆರೆದಿತ್ತು. ನಾವು ಮೂವರೂ ಆ ಕಡೆ ನೋಡಲಿಲ್ಲ.

ಗೌರಮ್ಮ ಕಳ್ಳಂಬೆಳ್ಳಕ್ಕೆ ಹೋಗಲಿಲ್ಲ. ಆದರೆ ಮಾರನೆಯ ದಿನದಿಂದ ಎರಡು ತಟ್ಟೆಗೆ ಮುದ್ದೆ ಬಡಿಸತೊಡಗಿದಳು. ಒಂದನ್ನು ಗಾಡಿಯ ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದಳು. ತಿಮ್ಮಕ್ಕನ ಬೆಣ್ಣೆ ಕಾಯಿಸಿದ ತುಪ್ಪ ಆ ತಟ್ಟೆಗೆ ಬೀಳುತ್ತಿತ್ತು. ನಾನು ಸಾರಿನಲ್ಲಿ ಮುದ್ದೆ ಅದ್ದಿಕೊಂಡು ಸುಮ್ಮನೆ ನುಂಗುತ್ತಿದ್ದೆ. ನಾಯಿ ತಿನ್ನುತ್ತದೆ ಎಂದು ಮನಸ್ಸಿಗೆ ಎಷ್ಟೋ ಹೇಳಿಕೊಂಡೆ. ನಾಯಿ ತಟ್ಟೆ ತೊಳೆದು ಬೋರಲು ಹಾಕುವುದನ್ನು ನಾನು ಕಂಡಿಲ್ಲ. ಊಟವಾದ ಮೇಲೆ ತಟ್ಟೆಯನ್ನು ಬೋರಲು ಹಾಕುವ ಕೆಟ್ಟ ಅಭ್ಯಾಸ ಈ ಮನೆಯಲ್ಲಿ ನನಗೊಬ್ಬನಿಗೇ ಇದೆ.

ಮಳೆ ನಿಂತ ಮೇಲೆ ದೊರೆಯ ಗಾಡಿಯಾಳು ಜೋಡೆತ್ತು ಹೊಡೆದುಕೊಂಡು ಬಂದ. ಬಾಗಿಲು ಅವನು ಮುಟ್ಟಿದ ಕೂಡಲೇ ತೆರೆಯಿತು. ಒಳಗೆ ಯಾರೂ ಇರಲಿಲ್ಲ, ಹಲಗೆ ಒರೆಸಿಟ್ಟಂತೆ ಚೊಕ್ಕಟವಾಗಿತ್ತು. ಎತ್ತು ಕಟ್ಟಿ ಎಳೆದರೆ ಗಾಡಿ ಕದಲಲಿಲ್ಲ. ಅಗೆದು ಗಾಲಿ ಬಿಡಿಸಿದರೂ ಕದಲಲಿಲ್ಲ. “ಬರೋವಾಗ ಹಗುರ ಇತ್ತಲ್ಲ ಸ್ವಾಮಿ, ಒಳೀಕೆ ಏನು ತುಂಬಿದ್ದೀರಾ?” ಎಂದು ಅವನು ನನ್ನನ್ನೇ ಕೇಳಿದ. ಕೊನೆಗೆ ಇನ್ನೊಂದು ಜೊತೆ ಎತ್ತು ತರಿಸಬೇಕಾಯಿತು. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಗೌರಮ್ಮ ಕೆಡವಿದ ಗೋಡೆಯ ಹತ್ತಿರ ನಿಂತಿದ್ದಳು. “ಪಾಪ, ಇನ್ನು ಊಟಕ್ಕೇನು ಮಾಡ್ಕೊಂತಾರೋ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೋಡೆ ಮತ್ತೆ ಎದ್ದಿದೆ. ನಾನೂ ತಿದ್ದಿಕೊಂಡಿದ್ದೇನೆ. ‘ಆಗುವುದಿಲ್ಲ’ಗಳನ್ನು ಕಚೇರಿಯಲ್ಲೇ ಬಿಟ್ಟು ಬರುತ್ತೇನೆ. ಬಸ್ಸಾರು ಮಾಡಿದ ದಿನ ಮರೆಯದೆ, ನಿನ್ನಂಥವಳನ್ನು ಪಡೆದದ್ದು ನನ್ನ ಪುಣ್ಯ ಕಣೇ ಎಂದು ಬಾಯ್ತುಂಬ ಹೇಳುತ್ತೇನೆ. ಮನಸ್ಸಿನಿಂದಲೇ ಹೇಳುತ್ತೇನೆ. ಅವಳು ಸೌಟು ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡು, ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಇರ್ಲಿ ಬುಡಿ, ನಿಮ್ಮ ಬಾಯಲ್ಲಿ ಅಷ್ಟು ಚೆನ್ನಾಗಿ ಬರಾಕಿಲ್ಲ” ಎನ್ನುತ್ತಾಳೆ.