ಸರಿಯಾಗಿ ನಡುಮಧ್ಯದಲ್ಲೊಂದು ಮನೆ

ಬಸ್ಸಿನ ವೇಳಾಪಟ್ಟಿ ಬರೆಯುವವನನ್ನು ನೀವು ಕಣ್ಣಾರೆ ಕಂಡಿರಲಾರಿರಿ. ಆದರೆ ಒಮ್ಮೆಯಾದರೂ ಅವನಿಗೆ ಶಾಪ ಹಾಕಿರುತ್ತೀರಿ. ಆ ಮಹಾಪುರುಷ ನಾನೇ. ಇಪ್ಪತ್ತಮೂರು ವರ್ಷಗಳಿಂದ ಈ ನಗರದ ಬಸ್ಸುಗಳು ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಹೊತ್ತಿಗೆ ತಲುಪಬೇಕು ಎಂದು ವಿಧಿಸುತ್ತ ಬಂದಿದ್ದೇನೆ. (ತಲುಪುವುದು ಬಿಡುವುದು ಅವುಗಳ ಹಣೆಬರಹ. ಬರೆದ ಬ್ರಹ್ಮನನ್ನು ಯಾರಾದರೂ ಕೇಳುತ್ತಾರೆಯೇ?)

ಇಂಥ ನನ್ನನ್ನು ಊರಾಚೆಯ ಡಿಪೋಗೆ ವೇಳಾಪಟ್ಟಿ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಆದೇಶ ಕೈಗೆ ಬಂದಾಗ ಎದೆ ಉಬ್ಬಿತು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಇಳಿಯಿತು.

ನನ್ನಾಕೆ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವವಳು. ಸೂಜಿ ಚುಚ್ಚುವುದು ಅವಳಿಗೆ ಅಲ್ಲಿ ಉದ್ಯೋಗ, ಮನೆಯಲ್ಲಿ ಹವ್ಯಾಸ. ಆಸ್ಪತ್ರೆ ನಮ್ಮ ಮನೆಯಿಂದ ನಾಲ್ಕು ನಿಮಿಷದ ನಡಿಗೆ. ಡಿಪೋ ಭೂಮಂಡಲದ ಇನ್ನೊಂದು ತುದಿ.

"ಡಿಪೋ ಹತ್ರಾನೇ ಮನೆ ಮಾಡೋಣ ಕಣೇ. ಅಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ಗೊತ್ತಾ?"

"ಗಾಳಿ ಕುಡ್ಕೊಂಡು ನೀವಿರಿ. ಇದು ನಮ್ಮಪ್ಪ ಕೊಟ್ಟ ಮನೆ, ನಾನಿಲ್ಲೇ ಇರ್ತೀನಿ."

"ಗಂಡ ಹೆಂಡ್ತಿ ಬೇರೆ ಬೇರೆ ಇದ್ರೆ ಜನ ಏನಂದಾರು?"

"ಪಾಪ, ಆ ಹೆಂಗಸಿಗೆ ಕೊನೆಗೂ ಬಿಡುವು ಸಿಕ್ತು ಅಂತಾರೆ."

ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ನನಗೆ ಒಬ್ಬನೇ ಇರಲು ಬರುವುದಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಬೈಯುವವರಿಲ್ಲದ ಮನೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಒಮ್ಮೆ ಅವಳು ತವರಿಗೆ ಹೋಗಿದ್ದಾಗ ಮೂರು ದಿನ ಒಂದೇ ಕಾಲುಚೀಲ ಹಾಕಿಕೊಂಡು ಕಚೇರಿಗೆ ಹೋಗಿದ್ದೆ. ಒಂದೇ ಜೊತೆ ಎಂದಲ್ಲ, ಒಂದೇ. ಆದ್ದರಿಂದ ಪ್ರಾಣ ಹೋದರೂ ಸರಿ, ಇಬ್ಬರೂ ಒಂದೇ ಸೂರಿನಡಿ ಇರಬೇಕೆಂದು ನಿಶ್ಚಯಿಸಿದೆ.

ಆಗ ಹೊಳೆಯಿತು ಆ ದಿವ್ಯ ಉಪಾಯ. ನಕ್ಷೆಯನ್ನು ನೆಲದ ಮೇಲೆ ಹಾಸಿ, ಆಸ್ಪತ್ರೆಯಿಂದ ಡಿಪೋವರೆಗೆ ರಸ್ತೆಯುದ್ದಕ್ಕೂ ನೂಲಿಟ್ಟು, ಆ ನೂಲನ್ನು ಎರಡಾಗಿ ಮಡಿಸಿದೆ. ಮಡಿಕೆ ಎಲ್ಲಿ ಬಂತೋ ಅಲ್ಲೇ ನಮ್ಮ ಸಂಸಾರ! ಅವಳಿಗೂ ಅಷ್ಟೇ ದೂರ, ನನಗೂ ಅಷ್ಟೇ ದೂರ. ಇಂಥ ನ್ಯಾಯ ಧರ್ಮರಾಯನಿಗೂ ಹೊಳೆದಿರಲಾರದು.

"ದೂರ ಬಿಡಿ, ಹೊತ್ತು ಎಷ್ಟಾಗುತ್ತೆ ಹೇಳಿ," ಎಂದಳು ಹೆಂಡತಿ. "ಏಳೂವರೆಗೆ ಜನ ಬರಿಹೊಟ್ಟೇಲಿ ಬಂದು ತೋಳು ಚಾಚಿಕೊಂಡು ಕೂತಿರ್ತಾರೆ."

ಹೊತ್ತಿನ ವಿಷಯ ನನ್ನನ್ನು ಕೇಳುವುದೇ! ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು, ಡಿಪೋದಿಂದ ಖಾಲಿ ಬಸ್ಸೊಂದನ್ನು ಹೊರಡಿಸಿ, ಖುದ್ದಾಗಿ ಓಡಾಡಿ ಅಳೆದೆ. ನಡುಮಧ್ಯದಿಂದ ಆಸ್ಪತ್ರೆಗೆ ಇಪ್ಪತ್ತೆರಡು ನಿಮಿಷ, ಡಿಪೋಗೂ ಇಪ್ಪತ್ತೆರಡು ನಿಮಿಷ. ಪಟ್ಟಿಯಲ್ಲೂ ಅದೇ ಇತ್ತು. ಇರದೇ ಏನು, ಆರು ವರ್ಷದ ಹಿಂದೆ ಆ ಪಟ್ಟಿಯನ್ನು ಬರೆದವನೂ ನಾನೇ, ಹೀಗೇ ಅಳೆದು.

"ಸರಿ," ಎಂದಳು. "ಒಂದು ತಿಂಗಳು ನೋಡ್ತೀನಿ. ಬಸ್ಸು ಕೈಕೊಟ್ರೆ ನಾನು ವಾಪಸ್. ಹಳೇ ಮನೆ ಬೀಗದಕೈ ನನ್ನ ಹತ್ರಾನೇ ಇರುತ್ತೆ."

ನಡುಮಧ್ಯದಲ್ಲಿ ಹೆದ್ದಾರಿಯಿತ್ತು, ಬಣ್ಣದ ಡಬ್ಬಿಗಳ ಗೋದಾಮಿತ್ತು, ಮೂರು ಅಂತಸ್ತಿನ ಒಂದು ಮನೆಯಿತ್ತು. ಕೆಳಗಿದ್ದ ಯಜಮಾನಿ ಅಜ್ಜಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಸ್ವಂತ ಗಾಡಿ ಇದೆಯಾ?" ಎಂದರು.

"ಬಸ್ಸಿದೆಯಲ್ಲ ಅಜ್ಜಿ."

ಆಕೆ ಬೀಗದಕೈ ಕೊಟ್ಟು ಒಳಗೆ ಹೋದರು. ರೋಗಿಗೆ ನಿಜ ಹೇಳಲಾಗದ ವೈದ್ಯರು ಹಾಗೆಯೇ ಒಳಗೆ ಹೋಗುತ್ತಾರೆ.

ಸೋಮವಾರ ಬೆಳಗ್ಗೆ ಆರೂ ಐವತ್ತು. ರಸ್ತೆಯ ಈ ಬದಿ ನಾನು, ಆ ಬದಿ ಅವಳು. ನಡುವೆ ಲಾರಿ, ಕಾರು, ಟ್ರ್ಯಾಕ್ಟರು, ಮತ್ತೆ ಲಾರಿ. ಒಂದೂ ಮುಂದಕ್ಕೆ ಚಲಿಸುತ್ತಿರಲಿಲ್ಲ. ಏಳು ಗಂಟೆಗೆ ಅವಳು ಎಡಗೈ ಎತ್ತಿ ಗಡಿಯಾರ ತೋರಿಸಿದಳು. ಏಳೂ ಹತ್ತಕ್ಕೆ ಬಲಗೈ ಎತ್ತಿದಳು. ಅದರಲ್ಲಿ ಗಡಿಯಾರವಿರಲಿಲ್ಲ. ಅವಳ ಬಸ್ಸು ಬಂದದ್ದು ಏಳೂವರೆಗೆ, ಆಸ್ಪತ್ರೆ ಮುಟ್ಟಿದ್ದು ಎಂಟೂ ಇಪ್ಪತ್ತಕ್ಕೆ. ಹಸಿದ ಹನ್ನೊಂದು ಜನ ಅವಳನ್ನು ನೋಡಿದ ನೋಟವನ್ನು ಅಂದು ಸಂಜೆ ಅವಳು ನನಗೆ ಹಾಗೇ ದಾಟಿಸಿದಳು.

"ರೀ, ನೀವು ಅಳೆದದ್ದು ಯಾವತ್ತು?"

"ಭಾನುವಾರ."

"ಭಾನುವಾರಾನೇ ಯಾಕೆ?"

"ನಮ್ಮ ಕಚೇರೀಲಿ ಯಾವಾಗ್ಲೂ ಭಾನುವಾರಾನೇ ಕಣೇ ಅಳೆಯೋದು. ಬಾಕಿ ದಿನ ಬಸ್ಸು ಖಾಲಿ ಇರಲ್ಲ, ರಸ್ತೇಲಿ ವಿಪರೀತ ಗಾಡಿ..."

ಇಪ್ಪತ್ತಮೂರು ವರ್ಷಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಲು ಬೇರೆ ಯಾರ ಬಳಿಯೂ ಸೂಜಿ ಇರಲಿಲ್ಲ.

ಎರಡನೆಯ ವಾರ ನಾನೂ ರಸ್ತೆ ದಾಟಿ ಅವಳ ಪಕ್ಕ ನಿಂತೆ. ಸಮಾಧಾನ ಹೇಳುವ ಆಸೆ. ಅಲ್ಲಿ ಗಣಿತದ ಮೇಷ್ಟ್ರೊಬ್ಬರು ಕೆರಳಿ ಕೆಂಡವಾಗಿದ್ದರು.

"ಈ ಪಟ್ಟಿ ಬರೆದ ಪುಣ್ಯಾತ್ಮ ಜನ್ಮದಲ್ಲಿ ಬಸ್ಸು ಹತ್ತಿಲ್ಲ ಅನ್ಸುತ್ತೆ ಕಣಮ್ಮಾ."

"ಹತ್ತಿದಾನೆ ಮೇಷ್ಟ್ರೇ. ಖಾಲಿ ಬಸ್ಸು," ಎಂದಳು ನನ್ನಾಕೆ.

"ನಿಮಗೆ ಗೊತ್ತಾ ಅವನು?"

"ಮುಖಪರಿಚಯ."

ಸುಮ್ಮನಿದ್ದರೆ ಅನುಮಾನ ಬರುತ್ತದೆಂದು, "ಅಯೋಗ್ಯ! ಅವನನ್ನ ಬಸ್ಸಿನ ಹಿಂದೆ ಕಟ್ಟಿ ಎಳೀಬೇಕು!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ. ನಿಲ್ದಾಣಕ್ಕೆ ನಿಲ್ದಾಣವೇ ಭಲೇ ಎಂದಿತು. ಇಷ್ಟು ವರ್ಷದ ಸೇವೆಯಲ್ಲಿ ನನಗೆ ಸಿಕ್ಕ ಮೊದಲ ಜನಮೆಚ್ಚುಗೆ ಅದು.

ಮೂರನೆಯ ದಿನ ಮೇಷ್ಟ್ರು ದೂರಿನ ಅರ್ಜಿ ಬರೆದು ತಂದರು. "ನಿಮ್ಮಂಥ ಧೈರ್ಯವಂತರೇ ಮೊದಲ ಸಹಿ ಹಾಕ್ಬೇಕು," ಎಂದು ನನ್ನ ಕೈಗೇ ಕೊಟ್ಟರು. ಓದಲು ಕನ್ನಡಕ ಹುಡುಕುವಷ್ಟರಲ್ಲಿ ಅತ್ತ ಕಡೆ ನನ್ನ ಬಸ್ಸು ಬಂತು. ಅದನ್ನು ಬಿಟ್ಟರೆ ಮತ್ತೊಂದು ಗಂಟೆ! ಬಾಲವುಳ್ಳ ನನ್ನ ರಾಜಗಂಭೀರ ಸಹಿ ಜಡಿದು ಓಡಿದೆ.

ಮುಂದಿನ ಶುಕ್ರವಾರ ದೊಡ್ಡ ಸಾಹೇಬರು ಕರೆಸಿದರು. ಮೇಜಿನ ಮೇಲೆ ಅದೇ ಅರ್ಜಿ. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಏನ್ರೀ ನಿಮ್ಮ ನಿಷ್ಠೆ! ತನ್ನ ತಪ್ಪಿನ ಮೇಲೆ ತಾನೇ ಮೊದಲ ಸಹಿ! ಶಿಕ್ಷೇನೂ ನೀವೇ ಸೂಚಿಸಿದ್ದೀರಲ್ರೀ!"

"ಶಿಕ್ಷೆ?"

ಕನ್ನಡಕ ಹಾಕಿಕೊಂಡು ಓದಿದೆ. ದೂರೆಲ್ಲ ಮೇಷ್ಟ್ರ ಅಕ್ಷರ. ಕೊನೆಯ ಸಾಲುಗಳು ಮಾತ್ರ ಬೇರೆ ಕೈಯವು. ರಕ್ತದ ಶೀಶೆಗಳ ಮೇಲೆ ರೋಗಿಯ ಹೆಸರು ಬರೆಯುವಂಥ ಗುಂಡನೆಯ, ಪುಟ್ಟ, ನಿರ್ದಯ ಅಕ್ಷರ: 'ಈ ಪಟ್ಟಿಯನ್ನು ತಯಾರಿಸಿದವರು ಡಿಪೋದಲ್ಲೇ ವಾಸವಿದ್ದು, ವಾರದ ಎಲ್ಲ ದಿನಗಳಲ್ಲೂ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ಸ್ವತಃ ಪ್ರಯಾಣಿಸಿ, ಹೊಸ ಪಟ್ಟಿಯನ್ನು ಸಿದ್ಧಪಡಿಸತಕ್ಕದ್ದು.'

"ಮಂಜೂರು ಮಾಡಿದ್ದೀನಿ," ಎಂದರು ಸಾಹೇಬರು. "ಗ್ಯಾರೇಜಿನ ಮೇಲೊಂದು ಕೋಣೆ ಗುಡಿಸ್ತಾ ಇದಾರೆ."

ಮನೆಗೆ ಬಂದರೆ ನನ್ನ ಹಾಸಿಗೆ ಆಗಲೇ ಸುತ್ತಿ ಬಾಗಿಲಲ್ಲಿ ನಿಲ್ಲಿಸಿತ್ತು.

"ಕೆಲಸದ ಹತ್ರಾನೇ ಮನೆ ಬೇಕು ಅಂತಿದ್ರಲ್ಲ," ಎಂದಳು. "ಈಗ ಮೆಟ್ಟಿಲಿಳಿದ್ರೆ ಆಫೀಸು."

"ನೀನು?"

"ನಾಲ್ಕು ನಿಮಿಷದ ನಡಿಗೆ."

"ಹಾಗಾದ್ರೆ ನಾವು ಒಟ್ಟಿಗೆ ಇರೋದು ಯಾವಾಗ ಕಣೇ?" ಎಂದು ಸುತ್ತಿದ ಹಾಸಿಗೆಯನ್ನೇ ಅಪ್ಪಿಕೊಂಡೆ. ಅವಳ ಮನಸ್ಸೂ ಕರಗಿರಬೇಕು, ನನ್ನ ಅಂಗಿಯ ಗುಂಡಿ ಸರಿಮಾಡಿದಳು.

"ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂದ ದಿನ, ಅದ್ರಲ್ಲೇ ಕೂತ್ಕೊಂಡು ನಿಮ್ಮ ಹತ್ರ ಬಂದ್ಬಿಡ್ತೀನಿ ರೀ."

ಆ ದಿನ ಯಾವಾಗ ಬರುತ್ತದೆಂದು ಈ ನಗರದಲ್ಲಿ ಬಸ್ಸಿನ ಪಟ್ಟಿ ಬರೆಯದ ಬೇರೆ ಯಾವ ಗಂಡಸನ್ನು ಕೇಳಿದ್ದರೂ, ಪಾಪ, ಬೇಗ ಬಂದೀತು ಎಂದು ನಂಬುತ್ತಿದ್ದ.