ಹೊಸ್ತಿಲಿಗೆ ಬಂದ ಮೇಕೆ

ಬೆಳಗಿನ ಚಹಾದ ಮೊದಲ ಗುಟುಕು ಇನ್ನೂ ಗಂಟಲಿಗಿಳಿದಿರಲಿಲ್ಲ, ಓಣಿಯ ತುದಿಯಲ್ಲಿ ಮೇಕೆಯೊಂದು ಅರಚಿತು. ಮೊಹಂದ ಲೋಟ ಕೆಳಗಿಟ್ಟ.

"ಯಾರ ಮೇಕೆ, ನೋಡೇ," ಎಂದ ಹೆಂಡತಿಗೆ.

ತೂದಾ ಕಿಟಕಿಯಿಂದ ಇಣುಕಿದಳು. "ನಿಮ್ಮಣ್ಣ ಬ್ರಾಹಿಮ್ ಎಳ್ಕೊಂಡು ಬರ್ತಿದಾರೆ. ಸೊಂಟದಲ್ಲಿ ಚಾಕು ಇದೆ." ಆಮೇಲೆ ಇನ್ನೊಂದು ಕಡೆ ಕತ್ತು ತಿರುಗಿಸಿ, "ಈ ಕಡೆಯಿಂದ ನಮ್ಮಪ್ಪಾನೂ ಬರ್ತಿದಾರೆ ಕಣ್ರೀ. ಅವರ ಮೇಕೆ ಇನ್ನೂ ದಪ್ಪಗಿದೆ," ಎಂದಳು, ಕೊಂಚ ಹೆಮ್ಮೆಯಿಂದಲೇ.

ನಮ್ಮ ಅಟ್ಲಾಸ್ ಬೆಟ್ಟದ ಕಡೆ ಒಬ್ಬನ ಎದುರು, ಅವನಿರುವ ಹೊಸ್ತಿಲ ಮೇಲೆ ಮೇಕೆ ಕೊಯ್ದು ಏನಾದರೂ ಕೇಳಿದರೆ ಮುಗಿಯಿತು, ಅವನು ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದವನಿಗೆ ಆಮೇಲೆ ಊರಿನಲ್ಲಿ ನೀರೂ ಹುಟ್ಟುವುದಿಲ್ಲ. ಮೊಹಂದ ನಮ್ಮೂರ ಹುಲ್ಲುಗಾವಲಿನ ಬಗ್ಗೆ ಊರ ಪರವಾಗಿ ಮಾತಾಡುವ ನಾಯಬ, ಅಂದರೆ ಯಾರೂ ಒಪ್ಪದ ಕೆಲಸಕ್ಕೆ ಎಲ್ಲರೂ ಸೇರಿ ಒಪ್ಪಿಸಿದ ಮನುಷ್ಯ. ಊರಿಗೆಲ್ಲ ಸೇರಿದ ಆ ಹುಲ್ಲುಗಾವಲಿನ ಉದ್ದಗಲಕ್ಕೂ ಸೋಲಾರ್ ಫಲಕ ಹಾಸಿ ಪಟ್ಟಣಗಳಿಗೆ ಕರೆಂಟು ಕಳಿಸುತ್ತೇವೆಂದು ಕಂಪನಿಯೊಂದು ಬಂದಿತ್ತು. ಬ್ರಾಹಿಮನ ಕಡೆಯವರಿಗೆ ಕೆಲಸ ಬೇಕು, ಮಾವ ಹಮ್ಮಾದಿಯ ಕಡೆಯವರಿಗೆ ಹುಲ್ಲು ಬೇಕು. ಈವತ್ತು ಸೂರ್ಯ ಮುಳುಗುವುದರೊಳಗೆ ನಾಯಬ ಹೂಂ ಅಥವಾ ಊಹೂಂ ಎನ್ನದಿದ್ದರೆ ಜಿಲ್ಲೆಯವರೇ ತೀರ್ಮಾನಿಸುತ್ತಾರೆ ಎಂದು ಅಧಿಕಾರಿ ಹೇಳಿ ಕಳಿಸಿದ್ದ.

ಜಿಲ್ಲೆಯವರೇ ತೀರ್ಮಾನಿಸಲಿ ಎಂಬುದೇ ಮೊಹಂದನ ಆಸೆ. ಅಣ್ಣನೋ ಮಾವನೋ, ಸೋತವರು ಜಿಲ್ಲೆಗೆ ಶಾಪ ಹಾಕಿಕೊಳ್ಳಲಿ. ಇಬ್ಬರಿಂದಲೂ ದೂರವಾಗಿ, ಊರಂಚಿನ ಕಲ್ಲು ದಿಬ್ಬದ ಬುಡದಲ್ಲಿ ಕಷ್ಟಪಟ್ಟು ಕಟ್ಟಿಕೊಂಡ ಈ ಮನೆಯಲ್ಲಿ ತಾನು ನೆಮ್ಮದಿಯಾಗಿ ಚಹಾ ಕುಡಿದುಕೊಂಡಿದ್ದರೆ ಸಾಕು. ಅದಕ್ಕೆ ಸಂಜೆಯ ತನಕ ಯಾರ ಕೈಗೂ ಸಿಗಬಾರದು.

"ನಾನಿಲ್ಲ ಅನ್ನು," ಎಂದವನೇ ತಾರಸಿ ಹತ್ತಿ ಪಕ್ಕದ ಮನೆಯ ಕೋಳಿಗೂಡಿನ ಮೇಲೆ ಹಾರಿದ. ಗೂಡು ಕುಸಿಯಿತು.

"ಕಳ್ಳ! ಕಳ್ಳ!" ಎನ್ನುತ್ತ ಮುದುಕಿ ಇಜ್ಜಾ ಪೊರಕೆ ಹಿಡಿದು ಬಂದಳು.

"ಇಜ್ಜಮ್ಮಾ, ಕೂಗ್ಬೇಡಿ, ನಾನು ನಾಯಬ!"

ಪೊರಕೆ ಗಾಳಿಯಲ್ಲೇ ನಿಂತಿತು. "ಓ, ನೀನೇನಪ್ಪಾ? ನಾನೇ ಬರೋಣ ಅಂತಿದ್ದೆ. ನನ್ನ ಮಗನಿಗೆ ಕಂಪನೀಲಿ ಕಾವಲುಗಾರನ ಕೆಲಸ ಕೊಡಿಸ್ಬೇಕು ನೀನು. ಅಲ್ಲೇ ಇರು, ಹುಂಜ ಹಿಡ್ಕೊಂಡು ಬರ್ತೀನಿ."

ಹುಂಜ ಸಿಗುವ ಮೊದಲೇ ಮೊಹಂದ ಕಾಲಿಗೆ ಬುದ್ಧಿ ಹೇಳಿದ.

ಮುಖಕ್ಕೆ ನೊರೆ ಬಳಿದುಕೊಂಡರೆ ಯಾರೂ ಗುರುತಿಸಲಾರರೆಂದು ಕ್ಷೌರದಂಗಡಿಗೆ ಹೊಕ್ಕು ಕುರ್ಚಿಯಲ್ಲಿ ಕೂತ. ಅರ್ಧ ಗಡ್ಡ ಹೋಗುವಷ್ಟರಲ್ಲಿ ಕನ್ನಡಿಯಲ್ಲಿ ಮೇಕೆಯ ಮುಖ ಕಾಣಿಸಿತು, ಅದರ ಮೇಲ್ಗಡೆ ಮಾವನದು. ಇಬ್ಬರದೂ ಒಂದೇ ಥರದ ಗಡ್ಡ.

"ಅಳಿಯಂದ್ರೇ, ಎಷ್ಟು ಅಂತ ಓಡ್ತೀರಿ?" ಎಂದ ಹಮ್ಮಾದಿ, ಚಾಕು ತೆಗೆಯುತ್ತ.

ಕ್ಷೌರಿಕ ಅಡ್ಡ ಬಂದ. "ನನ್ನಂಗಡೀಲಿ ರಕ್ತ ಬಿದ್ರೆ ನನ್ನ ಕತ್ತಿಯಿಂದ ಮಾತ್ರ ಬೀಳ್ಬೇಕು, ಯಜಮಾನ್ರೇ! ನಾಯಬ್ರೇ, ನೀವು ಹಿಂದಿನ ಬಾಗಿಲಿಂದ ನಡೀರಿ. ಮಿಕ್ಕ ಅರ್ಧ ಇನ್ನೊಂದಿನ ನೋಡೋಣ."

ಊರೊಳಗೆ ಇನ್ನು ಜಾಗವಿರಲಿಲ್ಲ. ಮೊಹಂದ ಅರ್ಧ ಗಡ್ಡದಲ್ಲೇ ಹುಲ್ಲುಗಾವಲಿಗೆ ಹೋಗಿ ಒಂದು ಪೊದೆಯ ಮರೆಯಲ್ಲಿ ಮಲಗಿದ. ಕಣ್ಣು ಬಿಟ್ಟಾಗ ಮೂರು ಕಾಲಿನ ಯಂತ್ರವೊಂದು ಅವನನ್ನು ನೋಡುತ್ತಿತ್ತು. ಪಕ್ಕದಲ್ಲಿ ಟೋಪಿ ಹಾಕಿದ ಹೆಂಗಸು. ಕಂಪನಿಯ ಎಂಜಿನಿಯರ್ ಸಲ್ವಾ.

"ನೀವು ಕುರಿ ಕಾಯೋರಾ?"

"ಹೂಂ," ಎಂದ ಮೊಹಂದ.

"ಕುರಿ ಎಲ್ಲಿ?"

"ಅವೂ ನನ್ನನ್ನೇ ಹುಡುಕ್ತಿರ್ಬೇಕು."

"ಸಿಕ್ಕಿದ್ರೆ ಒಂದು ನಂಗೆ ಮಾರ್ತೀರಾ? ನಾಯಬರ ಬಾಗಿಲಿಗೆ ಬರಿಗೈಲಿ ಹೋದ್ರೆ ಕೆಲಸ ಆಗಲ್ಲವಂತೆ."

ಮೊಹಂದನಿಗೆ ಅಳು ಬಂತು. ನಿಜವಾಗಿಯೂ ಬಂತು, ಪಾಪ. "ಕುರಿ ಬೇಡ ಮೇಡಂ," ಎಂದ. "ಈ ಹುಲ್ಲು ಬಿಟ್ಟುಬಿಡಿ. ಅಗೋ, ಆ ಕಲ್ಲು ದಿಬ್ಬದ ಮೇಲೆ ಹಾಕಿ. ಅಲ್ಲೇನೂ ಬೆಳೆಯಲ್ಲ, ಬಿಸಿಲು ಬೇಕಾದಷ್ಟಿದೆ. ಹುಲ್ಲೂ ಉಳಿಯುತ್ತೆ, ಹುಡುಗರಿಗೆ ಕೆಲಸಾನೂ ಸಿಗುತ್ತೆ."

"ಮೊದಲು ನೋಡಿದ್ದೇ ಆ ದಿಬ್ಬಾನ. ಲಾರಿ ಹತ್ತೋಕೆ ದಾರಿ ಇಲ್ಲ ಅಂತ ಬಿಟ್ವಿ."

"ದಾರಿ ಏನ್ ಮಹಾ! ಊರವರನ್ನ ಕೇಳಿ. ಯಾರಾದ್ರೂ ಬಿಟ್ಕೊಡ್ತಾರೆ," ಎಂದ, ಅವಳು ತೊಲಗಿದರೆ ಸಾಕೆಂದು.

ಸಲ್ವಾ ದಿಬ್ಬವನ್ನೇ ಸ್ವಲ್ಪ ಹೊತ್ತು ನೋಡಿ, ಯಂತ್ರ ಮಡಚಿಕೊಂಡು ಊರ ಕಡೆ ಹೊರಟಳು. ಮನಸ್ಸಿನಲ್ಲಿದ್ದುದನ್ನು ಒಬ್ಬರಿಗಾದರೂ ಹೇಳಿದೆನಲ್ಲ ಎಂಬ ಸಮಾಧಾನದಲ್ಲಿ ಮೊಹಂದ ಮತ್ತೆ ನಿದ್ದೆ ಹೋದ.

ಸೂರ್ಯ ಬೆಟ್ಟದ ಹಿಂದೆ ಸರಿದ ಮೇಲೆ ಮನೆಗೆ ಬಂದ. ಅಂಗಳದ ತುಂಬ ಜನ. ಅಣ್ಣನೂ ಮಾವನೂ ಒಂದೇ ಚಾಪೆಯ ಮೇಲೆ ಕೂತು, ಒಂದೇ ಕೆಟಲ್‌ನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ಅವನ ಎದೆ ತುಂಬಿ ಬಂತು.

"ಬಾರೋ!" ಎಂದ ಬ್ರಾಹಿಮ್. "ಜಗಳ ಮುಗೀತು. ದಿಬ್ಬದ ಮೇಲೇ ಅಂತ ಒಪ್ಕೊಂಡ್ವಿ. ಹುಲ್ಲು ಅವರಿಗೆ, ಕೆಲಸ ನಮಗೆ."

"ಯಾರೋ ಕುರಿ ಕಾಯೋನು ಹೇಳಿದ್ದಂತೆ," ಎಂದ ಹಮ್ಮಾದಿ. "ಬಲೇ ಬುದ್ಧಿವಂತ!"

ಸಲ್ವಾ ಅರ್ಧ ಗಡ್ಡವನ್ನು ಕಂಡು ಎದ್ದು ನಿಂತಳು. "ಅಯ್ಯೋ, ಇವರೇ ಅವರು!"

ಇಡೀ ಅಂಗಳ ಗೊಳ್ಳೆಂದು ನಕ್ಕಿತು. ಮೊಹಂದನೂ ನಕ್ಕ. ನಗುತ್ತಲೇ ಕೇಳಿದ, "ಮತ್ತೆ ಲಾರಿಗೆ ದಾರಿ ಯಾರು ಬಿಟ್ಟಿದ್ದು?"

ಎಲ್ಲರೂ ಅವನ ಮನೆಯ ಕಡೆ ನೋಡಿದರು. ದಿಬ್ಬ ಹತ್ತಲು ಲಾರಿಗೆ ಇದ್ದದ್ದು ಅದೊಂದೇ ಜಾಗ, ಸರಿಯಾಗಿ ಅವನ ಅಡುಗೆಮನೆಯ ಮೇಲೆ.

"ಸೂರ್ಯ ಮುಳುಗಿಯಾಯ್ತು! ಗಡುವು ಮುಗೀತು!" ಎಂದು ಮೊಹಂದ ಕೂಗಿದ.

ಸಲ್ವಾ ಫೋನ್ ನೋಡಿದಳು. "ಬೆಟ್ಟದ ಮರೆಗೆ ಹೋಗಿದೆ ಅಷ್ಟೆ. ಮುಳುಗೋಕೆ ಇನ್ನೂ ಅರ್ಧ ಗಂಟೆ ಇದೆ. ಸೂರ್ಯನ ವಿಷಯದಲ್ಲಿ ನಾವು ತಪ್ಪಲ್ಲ."

ಅವನು ತಿರುಗಿ ಓಡುವಷ್ಟರಲ್ಲಿ ಅವನ ಕಣ್ಣೆದುರೇ, ಅವನ ಹೊಸ್ತಿಲ ಮೇಲೇ ಎರಡು ಮೇಕೆಗಳೂ ಉರುಳಿದವು. ಅಣ್ಣನದೂ ಮಾವನದೂ ಈಗ ಒಂದೇ ಬೇಡಿಕೆ.

ಮೊಹಂದನಿಗೆ ಉಳಿದದ್ದು ಹೆಂಡತಿಯೊಬ್ಬಳೇ. "ತೂದಾ! ಈ ಹೊಸ್ತಿಲು ನಿಂದೂ ಅಲ್ವೇನೇ? ನಾನು ಬಿಡಲ್ಲ ಅಂತ ಹೇಳೇ!"

ತೂದಾ ಮುಂದೆ ಬಂದಳು. ಕೈಯಲ್ಲಿ ಕಾಲು ಕಟ್ಟಿದ ಕೋಳಿಯಿತ್ತು. "ಅಪ್ಪಾ, ಇದನ್ನೂ ಕೊಯ್ದುಬಿಡಿ," ಎಂದು ಅದನ್ನು ಕೊಟ್ಟು, ಗಂಡನ ಕಡೆ ತಿರುಗಿದಳು. "ಇದು ನನ್ನ ಕಡೆಯಿಂದ. ಕಂಪನಿಯವರು ಹೊಸ ಮನೆ ಕಟ್ಕೊಡ್ತಾರಂತೆ ಕಣ್ರೀ. ಜಾಗಾನೂ ನಾನೇ ತೋರಿಸಿದೀನಿ, ನಮ್ಮಪ್ಪನ ಮನೆಗೂ ನಿಮ್ಮಣ್ಣನ ಮನೆಗೂ ಮಧ್ಯೆ. ಎರಡು ಗೋಡೆ ಆಗ್ಲೇ ಇವೆ, ಇನ್ನೆರಡು ಕಟ್ಟಿದ್ರೆ ಸಾಕು."